ಹಿಮಬಿರುಗಾಳಿಯ ನಡುವೆ ಟ್ರಕ್ ಮಾರ್ಗ ಯೋಜಿಸುವುದು ಹೇಗೆ: ಅಮೆರಿಕದ ಇಂಟರ್‌ಸ್ಟೇಟ್ 80ರ ಉದಾಹರಣೆಯೊಂದಿಗೆ

ನಕ್ಷೆಯಲ್ಲಿ ನೋಡಿದರೆ ಇಂಟರ್‌ಸ್ಟೇಟ್ 80 ಹೆದ್ದಾರಿ ನ್ಯೂಜೆರ್ಸಿಯಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಯಾವ ಗೊಂದಲಕ್ಕೂ ಎಡೆಯಿಲ್ಲದ ಒಂದೇ ಗೆರೆ. ಜನವರಿಯ ಒಂದು ರಾತ್ರಿ ಅದೇ ಗೆರೆ ವಯೋಮಿಂಗ್‌ನಲ್ಲಿ ಗೇಟು ಹಾಕಿ ಮುಚ್ಚಿರಬಹುದು, ನೆಬ್ರಾಸ್ಕಾದಲ್ಲಿ ತೆರೆದಿದ್ದರೂ ಟ್ರಕ್ ನಿಲ್ಲಿಸಲು ಜಾಗವೇ ಇಲ್ಲದಿರಬಹುದು, ಕ್ಯಾಲಿಫೋರ್ನಿಯಾದ ಡಾನರ್ ಘಾಟಿಯಲ್ಲಿ, ಹಿಮದಲ್ಲಿ ಹಿಡಿತಕ್ಕಾಗಿ ಟೈರಿಗೆ ಸುತ್ತುವ ಚೈನ್ ಇಲ್ಲದ ಗಾಡಿಗಳನ್ನು ವಾಪಸು ಕಳಿಸುತ್ತಿರಬಹುದು. ಹಾಗಾಗಿ ಚಳಿಗಾಲದಲ್ಲಿ ಮಾರ್ಗ ಯೋಜನೆ ಎಂದರೆ ಯಾವ ರಸ್ತೆ ಹಿಡಿಯಬೇಕೆಂದು ತೀರ್ಮಾನಿಸುವುದಷ್ಟೇ ಅಲ್ಲ. ಯಾವ ರಸ್ತೆಯಲ್ಲಿ ಯಾವ ಗಂಟೆಗೆ ಇರಬೇಕು, ಇರಲಾಗದಿದ್ದರೆ ಎಲ್ಲಿ ನಿಲ್ಲಬೇಕು ಎಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳುವುದು. ಚಾಲಕರಿಗೂ, ಸಾವಿರಾರು ಮೈಲಿ ದೂರದಲ್ಲಿ ಪರದೆಯ ಮುಂದೆ ಕುಳಿತು ಡಿಸ್‌ಪ್ಯಾಚ್ ಮಾಡುವವರಿಗೂ (ಅಂದರೆ ಟ್ರಕ್‌ಗಳಿಗೆ ಲೋಡ್ ಮತ್ತು ಮಾರ್ಗ ಗೊತ್ತುಮಾಡಿ ಕಳಿಸುವವರಿಗೂ) ಅನುಕೂಲವಾಗಲೆಂದು ಆ ಕೆಲಸವನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ.

ಮುನ್ಸೂಚನೆಯನ್ನು ಓದುವ ಬಗೆ

ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಹೊರಡಿಸುವ ಎಚ್ಚರಿಕೆಗಳಿಗೆ ನಿಖರವಾದ ಅರ್ಥಗಳಿವೆ. ‘ವಿಂಟರ್ ಸ್ಟಾರ್ಮ್ ವಾಚ್’ ಎಂದರೆ ಬಿರುಗಾಳಿ ಬರುವ ಸಾಧ್ಯತೆ ಇದೆ, ಆದರೆ ಎಲ್ಲಿ, ಯಾವಾಗ, ಎಷ್ಟು ಎಂಬುದು ಇನ್ನೂ ಸ್ಪಷ್ಟವಾಗಿಲ್ಲ ಎಂದು. ಅದು ‘ವಾರ್ನಿಂಗ್’ ಆಗಿ ಬದಲಾಯಿತೆಂದರೆ ಬಿರುಗಾಳಿ ಬರುವುದು ಬಹುತೇಕ ಖಚಿತ. ಇವೆರಡರ ನಡುವಿನ ಅವಧಿಯೇ ಯೋಜನೆ ಮಾಡುವವರಿಗೆ ಸಿಗುವ ನಿಜವಾದ ಸಮಯ, ಏಕೆಂದರೆ ವಾಚ್ ಇರುವಾಗ ಲೋಡನ್ನು ಒಂದು ದಿನ ಹಿಂದೆ ಮುಂದೆ ಮಾಡಲು ಗ್ರಾಹಕರು ಒಪ್ಪುತ್ತಾರೆ, ವಾರ್ನಿಂಗ್ ಬಂದ ಮೇಲೆ ಎಲ್ಲರೂ ಒಟ್ಟಿಗೆ ಅದನ್ನೇ ಕೇಳತೊಡಗುತ್ತಾರೆ. ‘ಬ್ಲಿಝರ್ಡ್ ವಾರ್ನಿಂಗ್’ ಕಂಡರೆ ಬೀಳುವ ಹಿಮದ ಪ್ರಮಾಣಕ್ಕಿಂತ ಗಾಳಿಯನ್ನು ಗಮನಿಸಬೇಕು: ಗಂಟೆಗೆ 35 ಮೈಲಿ ಅಥವಾ ಅದಕ್ಕಿಂತ ಹೆಚ್ಚಿನ ವೇಗದ ಗಾಳಿ, ಕಾಲು ಮೈಲಿಗಿಂತ ಕಡಿಮೆ ಗೋಚರತೆ, ಇದು ಕನಿಷ್ಠ 3 ಗಂಟೆ ಮುಂದುವರಿಯುವ ನಿರೀಕ್ಷೆ ಎಂಬುದು ಅದರ ಅರ್ಥ. ಹೊಸದಾಗಿ ಒಂದು ಅಂಗುಲವೂ ಹಿಮ ಬೀಳದೆ, ನೆಲದ ಮೇಲಿದ್ದ ಹಳೆಯ ಹಿಮವನ್ನೇ ಗಾಳಿ ಎಬ್ಬಿಸಿದರೂ ಈ ಸ್ಥಿತಿ ಬರಬಹುದು.

ಇನ್ನೊಂದು ಎಚ್ಚರಿಕೆಯನ್ನು ಹಲವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ‘ಸ್ನೋ ಸ್ಕ್ವಾಲ್ ವಾರ್ನಿಂಗ್’. ಅರ್ಧ ಗಂಟೆಯಿಂದ ಒಂದು ಗಂಟೆಯಷ್ಟು ಅವಧಿಗೆ, ಚಿಕ್ಕ ಪ್ರದೇಶಕ್ಕೆ ಮಾತ್ರ ಹೊರಡಿಸುವ ಇದು ಹಿಂದಿನ ದಿನದ ಯೋಜನೆಯಲ್ಲಿ ಕಾಣಿಸುವುದಿಲ್ಲ. 2022ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ಇಂಟರ್‌ಸ್ಟೇಟ್ 81ರಲ್ಲಿ ಇಂಥದ್ದೇ ಒಂದು ಹಿಮದ ಹೊಡೆತಕ್ಕೆ ಸಿಕ್ಕಿ 80ರಷ್ಟು ವಾಹನಗಳು ಒಂದರ ಮೇಲೊಂದು ನುಗ್ಗಿ 6 ಮಂದಿ ಸತ್ತರು. ಯೋಜಿಸಲು ಬಾರದ್ದಕ್ಕೂ ಒಂದು ಸಿದ್ಧತೆ ಇರಲೇಬೇಕು. ಫೋನಿನಲ್ಲಿ ಈ ಎಚ್ಚರಿಕೆ ಬಂದರೆ ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಒಂದು ಗಂಟೆ ನಿಲ್ಲುವುದೆಂದು ಚಾಲಕ ಮತ್ತು ಡಿಸ್‌ಪ್ಯಾಚರ್ ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕು, ಆ ಹೊತ್ತಿನಲ್ಲಿ ಫೋನ್ ಮಾಡಿ ಚರ್ಚಿಸುವಂತಾಗಬಾರದು.

ಊರಿನ ಹೆಸರು ಹೊಡೆದು ನೋಡುವ ಸಾಮಾನ್ಯ ಹವಾಮಾನ ಆ್ಯಪ್‌ಗಳನ್ನು ನಂಬಿ ಮಾರ್ಗ ಹಾಕುವುದು ಸರಿಯಲ್ಲ. ಊರುಗಳು ಇರುವುದು ತಗ್ಗಿನಲ್ಲಿ, ತೊಂದರೆ ಇರುವುದು ಎರಡು ಊರುಗಳ ನಡುವಿನ ಎತ್ತರದಲ್ಲಿ. ವಯೋಮಿಂಗ್‌ನ ಶಯೆನ್ ನಗರದ ಎತ್ತರ ಸುಮಾರು 6,060 ಅಡಿ, ಲ್ಯಾರಮಿಯದು ಸುಮಾರು 7,165 ಅಡಿ. ಆದರೆ ಅವೆರಡರ ನಡುವಿನ ಶೆರ್ಮನ್ ಶಿಖರದಲ್ಲಿ ರಸ್ತೆ 8,640 ಅಡಿಗೆ ಏರುತ್ತದೆ, ಮತ್ತು ಇಂಟರ್‌ಸ್ಟೇಟ್ 80ರ ಅತಿ ಎತ್ತರದ ಸ್ಥಳ ಅದೇ. ಎರಡೂ ಊರುಗಳಲ್ಲಿ ಮೋಡ ಕವಿದ ವಾತಾವರಣವಷ್ಟೇ ಇದೆಯೆಂದು ಆ್ಯಪ್ ಹೇಳುತ್ತಿರುವಾಗಲೇ ನಡುವಿನ ಗುಡ್ಡದ ಮೇಲೆ ಕಣ್ಣಿಗೆ ಬಾನೆಟ್ಟೂ ಕಾಣದ ಸ್ಥಿತಿ ಇರುವುದು ಅಪರೂಪವೇನಲ್ಲ. ರಾಷ್ಟ್ರೀಯ ಹವಾಮಾನ ಸೇವೆಯ ತಾಣದಲ್ಲಿ ನಕ್ಷೆಯ ಮೇಲೆ ಘಾಟಿಯ ಬಿಂದುವನ್ನೇ ಒತ್ತಿ ಆ ಜಾಗದ ಗಂಟೆವಾರು ಮುನ್ಸೂಚನೆ ಪಡೆಯಬಹುದು. ಅದರ ಜೊತೆಗೆ, ಆಯಾ ಪ್ರದೇಶದ ಕಚೇರಿಯ ಹವಾಮಾನ ತಜ್ಞರು ಬರೆಯುವ ‘ಏರಿಯಾ ಫೋರ್‌ಕಾಸ್ಟ್ ಡಿಸ್ಕಷನ್’ ಎಂಬ ಟಿಪ್ಪಣಿಯನ್ನು ತಪ್ಪದೆ ಓದಬೇಕು. ತಮಗೆ ಯಾವುದರ ಬಗ್ಗೆ ಖಾತ್ರಿ ಇದೆ, ಯಾವುದರ ಬಗ್ಗೆ ಇಲ್ಲ ಎಂಬುದನ್ನು ಅವರು ಅಲ್ಲಿ ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ; ಬಣ್ಣದ ನಕ್ಷೆಯಲ್ಲಿ ಆ ಅನುಮಾನ ಕಾಣುವುದಿಲ್ಲ.

ಹಿಮಕ್ಕಿಂತ ಮಂಜುಗಡ್ಡೆಯಾಗುವ ಮಳೆಗೆ ನಾನು ಹೆಚ್ಚು ಹೆದರುತ್ತೇನೆ. ಹಿಮ ಕಣ್ಣಿಗೆ ಕಾಣುತ್ತದೆ, ಅದಕ್ಕೆ ನೇಗಿಲಿನಂಥ ಯಂತ್ರಗಳಿವೆ, ಚೈನ್‌ಗಳಿವೆ. ರಸ್ತೆಗೆ ತಾಗಿದ ಕೂಡಲೇ ಗಾಜಿನ ಪದರವಾಗುವ ಮಳೆಗೆ ಅಂಥ ಪರಿಹಾರಗಳು ಕಡಿಮೆ, ಮತ್ತು ಅದು ಬೀಳಲು ದೊಡ್ಡ ಬಿರುಗಾಳಿಯೇ ಬೇಕೆಂದಿಲ್ಲ. 2021ರ ಫೆಬ್ರವರಿ 11ರ ಬೆಳಗಿನ ಜಾವ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಇಂಟರ್‌ಸ್ಟೇಟ್ 35 ಡಬ್ಲ್ಯೂ ಹೆದ್ದಾರಿಯಲ್ಲಿ 133 ವಾಹನಗಳು ಡಿಕ್ಕಿಯಾಗಿ 6 ಮಂದಿ ಮೃತಪಟ್ಟಾಗ ಬಿದ್ದಿದ್ದದ್ದು ತುಂತುರು ಮಾತ್ರ. ಮುನ್ಸೂಚನೆಯಲ್ಲಿ ‘ಫ್ರೀಝಿಂಗ್ ರೇನ್’ ಅಥವಾ ‘ಫ್ರೀಝಿಂಗ್ ಡ್ರಿಝಲ್’ ಎಂಬ ಪದ ಕಂಡರೆ ಪ್ರಮಾಣ ಎಷ್ಟೇ ಕಡಿಮೆ ಇದ್ದರೂ ಆ ಭಾಗವನ್ನು ಯೋಜನೆಯಿಂದ ತೆಗೆದುಹಾಕಿ, ಅದರ ಮೊದಲು ಅಥವಾ ನಂತರ ದಾಟುವಂತೆ ವೇಳೆ ಹೊಂದಿಸುವುದೇ ಸರಿ.

ಗಾಡಿಯ ದಿಕ್ಕು, ಬಿರುಗಾಳಿಯ ದಿಕ್ಕು

ಅಮೆರಿಕದಲ್ಲಿ ಚಳಿಗಾಲದ ಬಿರುಗಾಳಿಗಳು ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತವೆ. ಇದರಿಂದ ಹುಟ್ಟುವ ಒಂದು ಸರಳ ಗಣಿತವನ್ನು ಮಾರ್ಗ ಯೋಜಿಸುವವರು ಬೆರಳ ತುದಿಯಲ್ಲಿ ಇಟ್ಟುಕೊಂಡಿರಬೇಕು. ಹಿಮ ಸುರಿಯುತ್ತಿರುವ ಪಟ್ಟಿ 200 ಮೈಲಿ ಅಗಲವಿದೆ, ಅದು ಗಂಟೆಗೆ 30 ಮೈಲಿಯಂತೆ ಪೂರ್ವಕ್ಕೆ ಸರಿಯುತ್ತಿದೆ, ಅದರೊಳಗೆ ನಿಮ್ಮ ಟ್ರಕ್ ಗಂಟೆಗೆ 35 ಮೈಲಿಗಿಂತ ವೇಗವಾಗಿ ಹೋಗಲಾರದು ಎಂದುಕೊಳ್ಳಿ. ಪಶ್ಚಿಮಕ್ಕೆ ಹೋಗುತ್ತಿರುವ ಟ್ರಕ್ ಅದನ್ನು ಎದುರಿನಿಂದ ಹೊಕ್ಕುತ್ತದೆ; ಎರಡೂ ವೇಗ ಸೇರಿ 65 ಆಗುವುದರಿಂದ ಸುಮಾರು 3 ಗಂಟೆಯಲ್ಲಿ ಪಾರಾಗುತ್ತದೆ. ಪೂರ್ವಕ್ಕೆ ಹೋಗುತ್ತಿರುವ ಟ್ರಕ್ ಹಿಂದಿನಿಂದ ಹೋಗಿ ಅದೇ ಪಟ್ಟಿಯನ್ನು ಹೊಕ್ಕರೆ ವ್ಯತ್ಯಾಸ ಬರೀ 5 ಮೈಲಿ. ಪಾರಾಗಲು 40 ಗಂಟೆ ಬೇಕು. ಅಂದರೆ ಅದು ಬಿರುಗಾಳಿಯನ್ನು ದಾಟುವುದೇ ಇಲ್ಲ, ಅದರ ಜೊತೆಗೇ ಪಯಣಿಸುತ್ತದೆ.

ಹೀಗಾಗಿ ಪೂರ್ವಾಭಿಮುಖ ಲೋಡ್‌ಗಳ ವಿಷಯದಲ್ಲಿ ಬಿರುಗಾಳಿಯ ಬೆನ್ನು ಹತ್ತುವುದಕ್ಕಿಂತ ಅರ್ಧ ದಿನ ತಡವಾಗಿ ಹೊರಡುವುದು ಹೆಚ್ಚು ಲಾಭದಾಯಕ, ಏಕೆಂದರೆ ತಡವಾಗಿ ಹೊರಟವನು ಅದು ಮುಂದೆ ಸರಿದ ಮೇಲೆ, ಯಂತ್ರಗಳು ತೆರವು ಮಾಡಿದ ರಸ್ತೆಯಲ್ಲಿ ಹೋಗಿ ಹಲವೊಮ್ಮೆ ಮೊದಲು ಹೊರಟವನಷ್ಟೇ ಹೊತ್ತಿಗೆ ತಲುಪುತ್ತಾನೆ. ಪಶ್ಚಿಮಾಭಿಮುಖ ಲೋಡ್ ಆದರೆ ಪ್ರಶ್ನೆ ಬೇರೆ: ಎದುರಾಗುವುದು ಎಲ್ಲಿ? ಬಯಲಿನಲ್ಲಿ, ನಿಲ್ಲಲು ಜಾಗವಿರುವ ಊರಿನ ಬಳಿ ಅದು ನಿಮ್ಮ ಮೇಲೆ ಹಾದುಹೋಗುವಂತೆ ವೇಳೆ ಹೊಂದಿಸಿದರೆ ಮರುದಿನ ಘಾಟಿ ಹತ್ತುವಾಗ ಹಿಮಪಾತ ಹಿಂದೆ ಬಿದ್ದಿರುತ್ತದೆ. ನಕ್ಷೆಯ ಮೇಲೆ 6 ಗಂಟೆಗೊಮ್ಮೆ ಬಿರುಗಾಳಿಯ ಅಂಚು ಎಲ್ಲಿರುತ್ತದೆಂದು ಗುರುತು ಹಾಕಿ, ಅದೇ ಗಂಟೆಗಳಿಗೆ ಟ್ರಕ್ ಎಲ್ಲಿರುತ್ತದೆಂದು ಪಕ್ಕದಲ್ಲಿ ಗುರುತು ಹಾಕುವುದು ಹತ್ತು ನಿಮಿಷದ ಕೆಲಸ, ಮತ್ತು ಇಡೀ ಯೋಜನೆಯಲ್ಲಿ ಇಷ್ಟು ಪ್ರಯೋಜನದ ಹತ್ತು ನಿಮಿಷ ಬೇರೊಂದಿಲ್ಲ.

ಹಿಮಪಾತ ನಿಂತಿತೆಂದರೆ ರಸ್ತೆ ಸರಿಹೋಯಿತೆಂದು ಮಾತ್ರ ಭಾವಿಸಬಾರದು. ಬಿರುಗಾಳಿಯ ಹಿಂದೆ ಬರುವ ಒಣ ತಣ್ಣನೆಯ ಗಾಳಿ ವಯೋಮಿಂಗ್‌ನಂಥ ಬಯಲು ಎತ್ತರದಲ್ಲಿ ನೆಲದ ಹಿಮವನ್ನು ರಸ್ತೆಗೆ ಅಡ್ಡಲಾಗಿ ತಂದು ಸುರಿಯುತ್ತದೆ. ಮೇಲೆ ನೀಲಿ ಆಕಾಶ, ಕೆಳಗೆ ಚಕ್ರವೂ ಕಾಣದ ಬಿಳುಪು. ಅಲ್ಲಿ ಬಿಸಿಲಿನ ದಿನವೇ ಹೆದ್ದಾರಿ ಮುಚ್ಚಿರುವುದನ್ನು ಕಂಡು ಹೊಸಬರು ಅಚ್ಚರಿಪಡುತ್ತಾರೆ.

ಎಲ್ಲ ಮೈಲಿಗಳೂ ಒಂದೇ ಅಲ್ಲ

ವಯೋಮಿಂಗ್‌ನಲ್ಲಿ ಇಂಟರ್‌ಸ್ಟೇಟ್ 80ರ ಉದ್ದ ಸುಮಾರು 400 ಮೈಲಿ. ಅದರಲ್ಲಿ ಲ್ಯಾರಮಿಯಿಂದ ರಾಲಿನ್ಸ್‌ವರೆಗಿನ ಸುಮಾರು 100 ಮೈಲಿಗೆ ಉಳಿದ 300ಕ್ಕಿಂತ ಹೆಚ್ಚು ಗಮನ ಬೇಕು. ಹಳೆಯ ಹೆದ್ದಾರಿ 30 ಉತ್ತರಕ್ಕೆ ಸುತ್ತಿ ಮೆಡಿಸಿನ್ ಬೋ ಮೂಲಕ ಹೋಗುತ್ತಿತ್ತು. ಹೊಸ ಇಂಟರ್‌ಸ್ಟೇಟನ್ನು ಎಂಜಿನಿಯರುಗಳು ದೂರ ಕಡಿಮೆಯಾಗಲೆಂದು ಎಲ್ಕ್ ಮೌಂಟನ್ ಬೆಟ್ಟದ ಬುಡದಲ್ಲಿ ನೇರವಾಗಿ ಹಾಯಿಸಿದರು. ಅಲ್ಲಿನ ಗಾಳಿ ಮತ್ತು ಹಿಮದ ಬಗ್ಗೆ ಸ್ಥಳೀಯ ಜಾನುವಾರು ಸಾಕಣೆದಾರರು ಎಚ್ಚರಿಸಿದ್ದರೂ ಕೇಳಲಿಲ್ಲ. 1970ರ ಅಕ್ಟೋಬರ್‌ನಲ್ಲಿ ರಸ್ತೆ ತೆರೆದ ಕೆಲವೇ ದಿನಗಳಲ್ಲಿ ಹಿಮದಿಂದಾಗಿ ಅದನ್ನು ಮುಚ್ಚಬೇಕಾಯಿತು. ಟ್ರಕ್ ಚಾಲಕರು ಅದಕ್ಕೆ ಇಟ್ಟ ‘ಸ್ನೋ ಚಿ ಮಿನ್ ಟ್ರೇಲ್’ (ವಿಯೆಟ್ನಾಂ ಯುದ್ಧದ ‘ಹೋ ಚಿ ಮಿನ್ ಟ್ರೇಲ್’ ದಾರಿಯ ಹೆಸರನ್ನು ತಿರುಚಿದ್ದು) ಎಂಬ ಅಡ್ಡಹೆಸರು ಇಂದಿಗೂ ಉಳಿದಿದೆ. ನಂತರ ರಸ್ತೆಯ ಪಕ್ಕದಲ್ಲಿ ಉದ್ದಕ್ಕೂ ಎತ್ತರದ ಮರದ ಹಿಮಬೇಲಿಗಳನ್ನು ಕಟ್ಟಿ, ಗಾಳಿ ತರುವ ಹಿಮ ಅಲ್ಲೇ ರಾಶಿ ಬೀಳುವಂತೆ ಮಾಡಿದ್ದರಿಂದ ಪರಿಸ್ಥಿತಿ ಸುಧಾರಿಸಿತು. ಆದರೆ ಬೇಲಿ ತಡೆಯುವುದು ಹಿಮವನ್ನು, ಗಾಳಿಯನ್ನಲ್ಲ.

ಗಾಳಿಯ ಮಾತು ಬಂದಾಗ ತೂಕವೇ ಮುಖ್ಯ. 53 ಅಡಿಯ ಮುಚ್ಚಿದ ಟ್ರೇಲರಿನ ಒಂದು ಬದಿ ಎಂದರೆ ಸುಮಾರು 500 ಚದರ ಅಡಿಯ ಗೋಡೆ. ತುಂಬಿದಾಗ ಗಾಡಿಯ ಒಟ್ಟು ತೂಕ ಕಾನೂನಿನ ಮಿತಿಯಾದ 80,000 ಪೌಂಡಿನವರೆಗೆ ಇರುತ್ತದೆ, ಖಾಲಿ ಇದ್ದಾಗ ಸುಮಾರು 35,000. ವಯೋಮಿಂಗ್ ಸಾರಿಗೆ ಇಲಾಖೆ ಹೆದ್ದಾರಿಯನ್ನು ಎಲ್ಲರಿಗೂ ಮುಚ್ಚದೆ, ನಿಗದಿತ ತೂಕಕ್ಕಿಂತ ಹಗುರವಾದ ಎತ್ತರದ ವಾಹನಗಳಿಗೆ ಮಾತ್ರ ಮುಚ್ಚುವ ಪದ್ಧತಿ ಇಟ್ಟುಕೊಂಡಿರುವುದು ಇದಕ್ಕಾಗಿಯೇ. ಪೆನ್ಸಿಲ್ವೇನಿಯಾದಲ್ಲಿಯೂ ನಿರ್ಬಂಧಗಳು ಐದು ಹಂತದಲ್ಲಿವೆ. ಮೊದಲ ಹಂತದಲ್ಲಿಯೇ ಖಾಲಿ ಅಥವಾ ಹಗುರ ಟ್ರೇಲರ್‌ಗಳನ್ನು ತಡೆಯುತ್ತಾರೆ, ನಾಲ್ಕನೆಯದರಲ್ಲಿ ವಾಣಿಜ್ಯ ವಾಹನಗಳಿಗೆ ಪ್ರವೇಶವೇ ಇಲ್ಲ. ಆದ್ದರಿಂದ ಮಾರ್ಗ ಹಾಕುವಾಗ ಗಾಡಿ ಎಷ್ಟು ತೂಗುತ್ತದೆ ಎಂಬುದನ್ನು ಹಾಳೆಯ ಮೇಲ್ತುದಿಯಲ್ಲೇ ಬರೆದುಕೊಳ್ಳಬೇಕು. ಮಧ್ಯದಲ್ಲಿ ಅರ್ಧ ಲೋಡ್ ಇಳಿಸುವ ಪ್ರಯಾಣವಾದರೆ, ಇಳಿಸಿದ ನಂತರದ ತೂಕಕ್ಕೆ ಮತ್ತೊಮ್ಮೆ ಲೆಕ್ಕ ಹಾಕಬೇಕು. ಹೋಗುವಾಗ ತೆರೆದಿದ್ದ ಅದೇ ರಸ್ತೆ ಬರುವಾಗ ನಿಮಗೆ ಮುಚ್ಚಿರಬಹುದು.

ಉಷ್ಣಾಂಶದ ವಿಷಯದಲ್ಲಿ ಒಂದು ತಿಳಿವಳಿಕೆ ಹಲವರಲ್ಲಿ ತಲೆಕೆಳಗಾಗಿದೆ. ಚಳಿ ಹೆಚ್ಚಾದಷ್ಟೂ ರಸ್ತೆ ಹೆಚ್ಚು ಜಾರುತ್ತದೆ ಎಂಬುದು ನಿಜವಲ್ಲ. 32 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿ, ಅಂದರೆ ಮಂಜುಗಡ್ಡೆ ಕರಗಲೋ ಬೇಡವೋ ಎಂಬಂತಿರುವಾಗ, ಅದರ ಮೇಲೆ ನೀರಿನ ತೆಳು ಪದರವಿದ್ದು ಟೈರಿಗೆ ಹಿಡಿತ ಅತಿ ಕಡಿಮೆ ಇರುತ್ತದೆ. ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್‌ನ ಗಟ್ಟಿ ಮಂಜುಗಡ್ಡೆಯ ಮೇಲೆ ಹಿಡಿತ ಅದಕ್ಕಿಂತ ಉತ್ತಮ. ಆದರೆ 15 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಉಪ್ಪು ಕೆಲಸ ಮಾಡುವುದು ಬಹಳ ನಿಧಾನವಾಗುವುದರಿಂದ, ಹೀಗೆ ಬಿದ್ದ ಮಂಜುಗಡ್ಡೆ ದಿನಗಟ್ಟಲೆ ಹಾಗೇ ಉಳಿಯುತ್ತದೆ. ಮಳೆಯಾಗಿ ಆರಂಭವಾಗಿ ಹಿಮವಾಗಿ ಬದಲಾಗುವ ಬಿರುಗಾಳಿ ಇನ್ನೊಂದು ರೀತಿಯಲ್ಲಿ ಕೆಟ್ಟದ್ದು, ಏಕೆಂದರೆ ಮೊದಲೇ ಸಿಂಪಡಿಸಿದ ಉಪ್ಪುನೀರು ಮಳೆಗೆ ಕೊಚ್ಚಿಹೋಗುತ್ತದೆ. 2022ರ ಜನವರಿ 3 ಮತ್ತು 4ರಂದು ವರ್ಜೀನಿಯಾದ ಇಂಟರ್‌ಸ್ಟೇಟ್ 95ರಲ್ಲಿ ನೂರಾರು ವಾಹನಗಳು ಒಂದು ದಿನಕ್ಕೂ ಹೆಚ್ಚು ಕಾಲ ಸಿಕ್ಕಿಹಾಕಿಕೊಂಡದ್ದರ ಹಿಂದೆ ಇದೂ ಒಂದು ಕಾರಣವಾಗಿತ್ತು. ಮೊದಲು ಮಳೆ ಬಂದದ್ದರಿಂದ ರಸ್ತೆಗೆ ಮುಂಚಿತವಾಗಿ ಉಪ್ಪುನೀರು ಹಾಕಲಾಗಲಿಲ್ಲ, ಆಮೇಲೆ ಹಿಮ ಬಿದ್ದ ವೇಗಕ್ಕೆ ತೆರವು ಯಂತ್ರಗಳು ಸರಿಸಾಟಿಯಾಗಲಿಲ್ಲ, ಅಡ್ಡಲಾಗಿ ತಿರುಗಿ ನಿಂತ ಟ್ರಕ್‌ಗಳು ಉಳಿದ ದಾರಿಯನ್ನೂ ಮುಚ್ಚಿದವು.

ಗಂಟೆಗಳ ಲೆಕ್ಕ ಮತ್ತು ನಿಲ್ಲುವ ಜಾಗ

ಒಂದು ಉದಾಹರಣೆ ತೆಗೆದುಕೊಳ್ಳೋಣ. ನೆಬ್ರಾಸ್ಕಾದ ಒಮಾಹಾದಿಂದ ಯೂಟಾದ ಸಾಲ್ಟ್ ಲೇಕ್ ಸಿಟಿಗೆ ಸುಮಾರು 930 ಮೈಲಿ. ಕೇಂದ್ರ ಸರ್ಕಾರದ ನಿಯಮದಂತೆ ಚಾಲಕ 10 ಗಂಟೆ ವಿಶ್ರಾಂತಿಯ ನಂತರ ಕೆಲಸ ಆರಂಭಿಸಿದ 14 ಗಂಟೆಗಳೊಳಗೆ 11 ಗಂಟೆ ಓಡಿಸಬಹುದು, ಮತ್ತು 8 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ತೆಗೆದುಕೊಳ್ಳಲೇಬೇಕು. ಸರಾಸರಿ 60 ಮೈಲಿ ವೇಗವಿದ್ದರೆ ಒಮಾಹಾದಿಂದ ಶಯೆನ್‌ವರೆಗಿನ ಸುಮಾರು 495 ಮೈಲಿಗೆ ಎಂಟೂಕಾಲು ಗಂಟೆ ಹಿಡಿಯುತ್ತದೆ. ಉಳಿದ ಎರಡೂಮುಕ್ಕಾಲು ಗಂಟೆಯಲ್ಲಿ ಇನ್ನೂ 150 ಮೈಲಿ ದೂರದ ರಾಲಿನ್ಸ್ ತಲುಪಬಹುದೆಂದು ಕಾಗದ ಹೇಳುತ್ತದೆ. ಬಿರುಗಾಳಿಯಲ್ಲಿ ವೇಗ 35ಕ್ಕೆ ಇಳಿದರೆ ಅದೇ 150 ಮೈಲಿಗೆ ನಾಲ್ಕು ಗಂಟೆಗೂ ಹೆಚ್ಚು ಬೇಕು. ಅಂದರೆ ಚಾಲಕನ ಗಂಟೆಗಳು ಮುಗಿಯುವುದು ಕತ್ತಲಲ್ಲಿ, ಎಲ್ಕ್ ಮೌಂಟನ್ ಬುಡದ ಗಾಳಿಯಲ್ಲಿ, ನಿಲ್ಲಲು ಜಾಗವಿಲ್ಲದ ಕಡೆ. ಕಂಪ್ಯೂಟರ್ ಹಾಕಿಕೊಟ್ಟ ಯೋಜನೆಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಸರಿಯಾದ ಯೋಜನೆ ನಿಲ್ಲುವ ಜಾಗದಿಂದ ಹಿಂದಕ್ಕೆ ಲೆಕ್ಕ ಹಾಕುತ್ತದೆ. ಮೊದಲ ದಿನ ನೆಬ್ರಾಸ್ಕಾದ ನಾರ್ತ್ ಪ್ಲಾಟ್ ಅಥವಾ ಸಿಡ್ನಿಯಲ್ಲಿ, ಮಧ್ಯಾಹ್ನದೊಳಗೆ ನಿಲ್ಲುವುದು. ಮರುದಿನ ಬೆಳಗ್ಗೆ ಪೂರ್ತಿ 11 ಗಂಟೆಗಳನ್ನು ಕೈಯಲ್ಲಿಟ್ಟುಕೊಂಡು ವಯೋಮಿಂಗ್ ಪ್ರವೇಶಿಸಿ, ಕಷ್ಟದ ಭಾಗವನ್ನು ಹಗಲು ಬೆಳಕಿನಲ್ಲಿ ದಾಟುವುದು. ಮೊದಲ ದಿನ ಓಡಿಸಬಹುದಾದ ಗಂಟೆಗಳಲ್ಲಿ ಅರ್ಧದಷ್ಟು ವ್ಯರ್ಥವಾದವು ಎಂದು ಕಚೇರಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಮುಚ್ಚಿದ ಗೇಟಿನ ಮುಂದೆ ಕಾಯುತ್ತ ಕಳೆದುಹೋಗುವ ಗಂಟೆಗಳನ್ನು ಅವರು ಎಣಿಸಿರುವುದಿಲ್ಲ. ‘ಮಧ್ಯಾಹ್ನದೊಳಗೆ’ ಎಂಬುದಕ್ಕೂ ಕಾರಣವಿದೆ: ವಯೋಮಿಂಗ್‌ನಲ್ಲಿ ಹೆದ್ದಾರಿ ಮುಚ್ಚಿದೊಡನೆ ಶಯೆನ್, ಲ್ಯಾರಮಿ, ರಾಲಿನ್ಸ್‌ನ ಟ್ರಕ್ ಸ್ಟಾಪ್‌ಗಳು ತುಂಬುತ್ತವೆ, ಅಲ್ಲಿ ಜಾಗ ಮುಗಿದ ಮೇಲೆ ಹಿಮದ ಹನಿಯೂ ಇಲ್ಲದ ನೆಬ್ರಾಸ್ಕಾದ ಭಾಗವನ್ನೂ ಮುಚ್ಚುವುದುಂಟು, ಟ್ರಕ್‌ಗಳು ಮುಂದೆ ಹೋಗಿ ರಸ್ತೆಬದಿಯಲ್ಲಿ ಸಾಲುಗಟ್ಟದಿರಲೆಂದು.

ಹೀಗೆ ಮಾರ್ಗದ ಮೇಲೆ ಎರಡು ಮೂರು ನಿರ್ಧಾರದ ಬಿಂದುಗಳನ್ನು ಗುರುತಿಸಬೇಕು. ನಿರ್ಧಾರದ ಬಿಂದು ಎಂದರೆ ಅಲ್ಲಿಂದಾಚೆ ಹೋದರೆ ಬೇರೆ ದಾರಿಯೂ ಇಲ್ಲ, ನಿಲ್ಲಲು ಜಾಗವೂ ಇಲ್ಲ ಎನ್ನುವ ಸ್ಥಳಕ್ಕಿಂತ ಮೊದಲಿನ ಕೊನೆಯ ಅನುಕೂಲದ ಊರು. ನಮ್ಮ ಉದಾಹರಣೆಯಲ್ಲಿ ನೆಬ್ರಾಸ್ಕಾದ ಬಿಗ್ ಸ್ಪ್ರಿಂಗ್ಸ್ ಅಂಥ ಒಂದು ಬಿಂದು, ಏಕೆಂದರೆ ಅದರ ಬಳಿ ಇಂಟರ್‌ಸ್ಟೇಟ್ 76 ಕವಲೊಡೆದು ಡೆನ್ವರ್ ಕಡೆ ತಿರುಗುತ್ತದೆ. ಎರಡನೆಯದು ಶಯೆನ್. ಪ್ರತಿ ಬಿಂದುವಿಗೂ ಒಂದು ಷರತ್ತನ್ನು ಬರಹದಲ್ಲಿ ಇಡಬೇಕು: ‘ಶಯೆನ್ ತಲುಪಿದಾಗ ಎಲ್ಕ್ ಮೌಂಟನ್ ಬಳಿಯ ಗಾಳಿ ಇಷ್ಟಕ್ಕಿಂತ ಹೆಚ್ಚಿದ್ದರೆ ಮುಂದೆ ಹೋಗುವುದಿಲ್ಲ’ ಎಂಬಂತೆ. ಆಯಾಸಗೊಂಡ ಚಾಲಕನೂ ಗ್ರಾಹಕರ ಫೋನ್ ಕರೆಗಳಿಂದ ಬೇಸತ್ತ ಡಿಸ್‌ಪ್ಯಾಚರೂ ರಾತ್ರಿ ಹತ್ತಕ್ಕೆ ಕೂತು ತೀರ್ಮಾನಿಸುವುದಕ್ಕಿಂತ, ಹಿಂದಿನ ದಿನ ತಣ್ಣನೆಯ ತಲೆಯಲ್ಲಿ ಬರೆದಿಟ್ಟ ಷರತ್ತನ್ನು ಪಾಲಿಸುವುದು ಸುಲಭ.

ಬದಲಿ ಮಾರ್ಗವನ್ನು ಬಿರುಗಾಳಿಯ ಗಾತ್ರ ನೋಡಿ ಆರಿಸಬೇಕು. ಡೆನ್ವರ್ ಮೂಲಕ ಇಂಟರ್‌ಸ್ಟೇಟ್ 70 ಹಿಡಿದರೆ ವಯೋಮಿಂಗ್ ತಪ್ಪುತ್ತದೆ ನಿಜ, ಆದರೆ ಆ ರಸ್ತೆ ಐಸೆನ್‌ಹೋವರ್ ಸುರಂಗದ ಬಳಿ 11,158 ಅಡಿಗೆ ಏರುತ್ತದೆ, ನಂತರ ವೇಲ್ ಘಾಟಿಯಲ್ಲಿ 10,662 ಅಡಿ. ಒಂದೇ ಬಿರುಗಾಳಿ ಎರಡನ್ನೂ ಆವರಿಸಿದ್ದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ದಕ್ಷಿಣಕ್ಕೆ ದೂರ ಇಳಿದು ಇಂಟರ್‌ಸ್ಟೇಟ್ 40 ಹಿಡಿಯುವುದು ಕ್ಯಾಲಿಫೋರ್ನಿಯಾಕ್ಕೆ ಹೋಗುವ ಲೋಡಿಗೆ ಸರಿ, ಸಾಲ್ಟ್ ಲೇಕ್ ಸಿಟಿಗೆ ಹೋಗುವುದಕ್ಕೆ ಅರ್ಥವಿಲ್ಲ. ಆ ಹೆಚ್ಚುವರಿ ದೂರದ ಸಮಯದಲ್ಲಿ ಬಿರುಗಾಳಿಯೇ ದಾಟಿಹೋಗಿರುತ್ತದೆ. ಎಂಥದೇ ಸಂದರ್ಭದಲ್ಲಿಯೂ ಕಾರುಗಳಿಗಾಗಿ ಮಾಡಿದ ನಕ್ಷೆ ಆ್ಯಪ್ ತೋರಿಸುವ ಹಳ್ಳಿರಸ್ತೆಗೆ ಟ್ರಕ್ ಇಳಿಸಬಾರದು. ಹೆದ್ದಾರಿ ಮುಚ್ಚಿದೊಡನೆ ಆ ಆ್ಯಪ್ ಪಕ್ಕದ ರಸ್ತೆಯನ್ನು ಹಸಿರು ಬಣ್ಣದಲ್ಲಿ ತೋರಿಸುವುದು ಅಲ್ಲಿ ವಾಹನಗಳೇ ಇಲ್ಲವೆಂಬ ಕಾರಣಕ್ಕೆ; ಅಲ್ಲಿ ಹಿಮ ತೆಗೆಯುವವರೂ ಇರುವುದಿಲ್ಲ, ಫೋನ್ ಸಂಕೇತವೂ ಇರುವುದಿಲ್ಲ.

ನಿಯಮಗಳ ಬಗ್ಗೆ ಒಂದು ಮುಖ್ಯ ಮಾತು. ಪ್ರತಿಕೂಲ ಹವಾಮಾನ ಎದುರಾದರೆ 2 ಗಂಟೆ ಹೆಚ್ಚು ಓಡಿಸಲು ಅವಕಾಶವಿದೆ, 2020ರ ಸೆಪ್ಟೆಂಬರ್‌ನಿಂದ 14 ಗಂಟೆಯ ಅವಧಿಯೂ ಅಷ್ಟೇ ವಿಸ್ತರಿಸುತ್ತದೆ. ಹಲವರು ಇದನ್ನು ಯೋಜನೆಯಲ್ಲಿಯೇ ಸೇರಿಸಿಕೊಳ್ಳುತ್ತಾರೆ. ಅದು ತಪ್ಪು. ಹೊರಡುವ ಮೊದಲು ತಿಳಿದಿರದ, ತಿಳಿಯಲು ಸಾಧ್ಯವೂ ಇರದ ಹವಾಮಾನಕ್ಕೆ ಮಾತ್ರ ಈ ವಿನಾಯಿತಿ. ಎರಡು ದಿನ ಮೊದಲೇ ವಾರ್ನಿಂಗ್ ಬಂದಿದ್ದ ಬಿರುಗಾಳಿಗೆ ಅನ್ವಯಿಸುವುದಿಲ್ಲ, ಮತ್ತು ಡಿಸ್‌ಪ್ಯಾಚರಿಗೆ ತಿಳಿದಿದ್ದರೂ ಅನ್ವಯಿಸುವುದಿಲ್ಲ. ಇದಕ್ಕೆ ಪ್ರತಿಯಾಗಿ ಚಾಲಕನ ಪರವಾದ ಎರಡು ಅಂಶಗಳಿವೆ. ಪರಿಸ್ಥಿತಿ ಸಾಕಷ್ಟು ಅಪಾಯಕಾರಿಯಾದರೆ ಗಾಡಿ ನಿಲ್ಲಿಸಲೇಬೇಕು ಎಂದು ಕೇಂದ್ರ ಮೋಟಾರು ವಾಹಕ ನಿಯಮಾವಳಿಯ 392.14ನೇ ನಿಯಮ ಹೇಳುತ್ತದೆ. ಗಂಭೀರ ಗಾಯದ ಸಮಂಜಸ ಭಯದಿಂದ ಓಡಿಸಲು ನಿರಾಕರಿಸಿದ ಚಾಲಕನನ್ನು ಶಿಕ್ಷಿಸಬಾರದೆಂದು 1982ರ ಭೂಸಾರಿಗೆ ನೆರವು ಕಾಯ್ದೆ ರಕ್ಷಣೆ ನೀಡುತ್ತದೆ. ‘ಓಡಿಸಲಾಗದು’ ಎಂಬ ಸಂದೇಶವನ್ನು ಫೋನಿನಲ್ಲಿ ಹೇಳುವುದಕ್ಕಿಂತ, ಸ್ಥಳ, ವೇಳೆ ಮತ್ತು ರಸ್ತೆ ಸ್ಥಿತಿಯೊಂದಿಗೆ ಬರಹದಲ್ಲಿ ಕಳಿಸುವುದು ಲೇಸು.

ಚೈನ್, ಡೀಸೆಲ್ ಮತ್ತು ಕ್ಯಾಬಿನ್

ಚೈನ್ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೊಲರಾಡೊದಲ್ಲಿ ಇಂಟರ್‌ಸ್ಟೇಟ್ 70ರ ಮಾರಿಸನ್‌ನಿಂದ ಪಶ್ಚಿಮಕ್ಕಿರುವ ಭಾಗದಲ್ಲಿ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ವಾಣಿಜ್ಯ ವಾಹನಗಳು, ಬಿಸಿಲಿದ್ದರೂ ಸಹ, ಚೈನ್ ಹೊಂದಿರಲೇಬೇಕು. ವಾಷಿಂಗ್ಟನ್ ರಾಜ್ಯದ ನಿಗದಿತ ಮಾರ್ಗಗಳಲ್ಲಿ ನವೆಂಬರ್ 1ರಿಂದ ಏಪ್ರಿಲ್ 1ರವರೆಗೆ 10,000 ಪೌಂಡಿಗೂ ಮೇಲ್ಪಟ್ಟ ವಾಹನಗಳಿಗೆ ಇದೇ ಕಡ್ಡಾಯ. ಕ್ಯಾಲಿಫೋರ್ನಿಯಾ ಆರ್-1, ಆರ್-2, ಆರ್-3 ಎಂದು ಹಂತಗಳನ್ನು ಮಾಡಿದೆ. ಮಾರ್ಗದಲ್ಲಿ ಬರುವ ರಾಜ್ಯಗಳಲ್ಲಿ ಅತಿ ಕಠಿಣವಾದ ನಿಯಮಕ್ಕೆ ತಕ್ಕಂತೆ ಗಾಡಿ ಸಜ್ಜುಗೊಳಿಸಿದರೆ ಉಳಿದವೆಲ್ಲ ತಾನಾಗಿಯೇ ಪೂರೈಸುತ್ತವೆ.

ಚೈನ್ ಇದ್ದರೆ ಸಾಲದು, ಹಾಕಲು ಬರಬೇಕು. ಅದನ್ನು ಒಣ ಅಂಗಳದಲ್ಲಿ, ಬೆಳಕಿರುವಾಗ ಕಲಿಯಬೇಕು. ತಿರುಚು ಬಿಡಿಸಿ ಟೈರಿನ ಮೇಲಿಂದ ಹೊದಿಸಿ, ಕೊಂಡಿಗಳ ಚೂಪು ತುದಿ ರಬ್ಬರಿನ ಕಡೆಗಲ್ಲ, ಹೊರಕ್ಕೆ ಇರುವಂತೆ ನೋಡಿಕೊಳ್ಳಬೇಕು. ಗಾಡಿಯನ್ನು ಅರ್ಧ ಸುತ್ತಿನಷ್ಟು ಮುಂದಕ್ಕೆ ತಂದ ಮೇಲೆ ಮೊದಲು ಒಳಬದಿಯ ಕೊಕ್ಕೆ, ಏಕೆಂದರೆ ಕೈ ಎಟುಕದಿರುವುದು ಅದೇ; ನಂತರ ಹೊರಬದಿಯದು, ಕೊನೆಗೆ ಕ್ಯಾಮ್‌ಗಳನ್ನು ತಿರುಗಿಸಿ ಬಿಗಿ ಮಾಡುವುದು. ಸ್ವಲ್ಪ ದೂರ ಓಡಿಸಿ ಇಳಿದು ಮತ್ತೆ ಬಿಗಿ ಮಾಡದಿದ್ದರೆ ಸಡಿಲವಾದ ಚೈನ್ ಏರ್ ಹೋಸನ್ನೋ ಮಡ್‌ಫ್ಲ್ಯಾಪನ್ನೋ ಕಿತ್ತುಹಾಕುತ್ತದೆ. ಅಭ್ಯಾಸವಿದ್ದವರಿಗೂ ಇದು ಅರ್ಧ ಗಂಟೆಯ ಕೆಲಸ, ಚೈನ್ ಹಾಕಿದ ಮೇಲೆ ವೇಗ ಗಂಟೆಗೆ 30 ಮೈಲಿ ಮೀರಬಾರದು; ಎರಡನ್ನೂ ವೇಳಾಪಟ್ಟಿಯಲ್ಲಿ ಸೇರಿಸಬೇಕು. ಚೈನ್ ಇಲ್ಲದೆ ಹತ್ತಲಾಗದಷ್ಟು ಕೆಟ್ಟ ಘಾಟಿಯನ್ನು, ಕಾಯಲು ಅವಕಾಶವಿದ್ದರೆ, ಚೈನ್ ಹಾಕಿ ಹತ್ತುವುದಕ್ಕಿಂತ ಕಾಯುವುದೇ ಒಳ್ಳೆಯದೆಂಬುದು ನನ್ನ ನಿಲುವು.

ಡೀಸೆಲನ್ನು ಎಲ್ಲಿ ತುಂಬಿಸುತ್ತೀರಿ ಎಂಬುದೂ ಮಾರ್ಗ ಯೋಜನೆಯ ಭಾಗ. ದಕ್ಷಿಣದ ರಾಜ್ಯಗಳಲ್ಲಿ ತುಂಬಿಸಿದ ಸಾಮಾನ್ಯ ನಂಬರ್ 2 ಡೀಸೆಲ್ ಚಳಿಗೆ ಹದಗೊಳಿಸಿದ್ದಲ್ಲ. 10ರಿಂದ 20 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿ ಅದರೊಳಗಿನ ಮೇಣ ಕಣಗಟ್ಟಿ ಫಿಲ್ಟರನ್ನು ಮುಚ್ಚಬಹುದು. ಉತ್ತರಕ್ಕೆ ಹೋಗುವ ಮೊದಲು ಟ್ಯಾಂಕನ್ನು ಬರಿದಾಗುವಷ್ಟು ಬಳಸಿ, ಚಳಿ ಪ್ರದೇಶದ ಅಂಚಿನಲ್ಲಿ ಚಳಿಗಾಲದ ಮಿಶ್ರಣ ತುಂಬಿಸಬೇಕು. ಹೆಪ್ಪುನಿರೋಧಕವನ್ನು ಡೀಸೆಲ್ ಇನ್ನೂ ಬೆಚ್ಚಗಿರುವಾಗ ಹಾಕಿದರೆ ಮಾತ್ರ ಫಲ, ಮೇಣಗಟ್ಟಿದ ನಂತರ ಅದು ಕರಗಿಸುವುದಿಲ್ಲ. ಆಮೇಲೆ ಬಿರುಗಾಳಿಯ ಪ್ರದೇಶದೊಳಗೆ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಬಾರದು, ಏಕೆಂದರೆ ಸಿಕ್ಕಿಬಿದ್ದರೆ ಆ ಡೀಸೆಲೇ ನಿಮ್ಮ ಹೀಟರ್. ಹೊಗೆಯ ಮಾಲಿನ್ಯ ತಗ್ಗಿಸಲು ಬಳಸುವ ಡಿಇಎಫ್ ದ್ರವ 12 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಹೆಪ್ಪುಗಟ್ಟಿ ಹಿಗ್ಗುವುದರಿಂದ ಅದರ ಟ್ಯಾಂಕನ್ನು ಕಂಠಪೂರ್ತಿ ತುಂಬಬಾರದು. ಏರ್ ಟ್ಯಾಂಕ್‌ಗಳ ನೀರನ್ನು ದಿನವೂ ಬಸಿಯಬೇಕು.

ಕ್ಯಾಬಿನ್‌ನಲ್ಲಿ ಎರಡು ದಿನಕ್ಕಾಗುವ ನೀರು, ಬಿಸಿ ಮಾಡದೆ ತಿನ್ನಬಹುದಾದ ಆಹಾರ, ಔಷಧ, ಹೊದಿಕೆ, ಟಾರ್ಚ್, ಸಲಿಕೆ ಇರಲಿ. ನಿಂತಲ್ಲೇ ಎಂಜಿನ್ ಓಡಿಸಬೇಕಾಗಿ ಬಂದರೆ ಎಕ್ಸಾಸ್ಟ್ ಸುತ್ತಲಿನ ಹಿಮವನ್ನು ಆಗಾಗ ತೆಗೆಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರುತ್ತದೆ.

ಹೊರಟ ಮೇಲೆ

ಪ್ರತಿ ನಿಲುಗಡೆಯಲ್ಲಿ ರಸ್ತೆ ಸ್ಥಿತಿ ತಿಳಿಸುವ, ಮುಂದಿನ ರಾಜ್ಯದ 511 ಸೇವೆಯ ನಕ್ಷೆ, ರಸ್ತೆಬದಿಯ ಕ್ಯಾಮೆರಾ ಚಿತ್ರಗಳನ್ನು ನೋಡಬೇಕು. ಇದನ್ನು ಡಿಸ್‌ಪ್ಯಾಚರ್ ಮಾಡಿ, ಟ್ರಕ್ ನಿಂತಿರುವಾಗ ಮಾತ್ರ ಚಾಲಕನಿಗೆ ತಿಳಿಸುವ ಏರ್ಪಾಡು ಉತ್ತಮ. ಕ್ಯಾಮೆರಾ ಚಿತ್ರದ ಮೇಲಿನ ವೇಳೆಯನ್ನು ಪರಿಶೀಲಿಸುವುದನ್ನು ಮರೆಯಬಾರದು. ಹಿಮ ಮೆತ್ತಿಕೊಂಡ ಅಥವಾ ಕೆಟ್ಟ ಕ್ಯಾಮೆರಾ ಎರಡು ಗಂಟೆ ಹಳೆಯ ಸ್ವಚ್ಛ ರಸ್ತೆಯನ್ನೇ ತೋರಿಸುತ್ತಿರುತ್ತದೆ.

ವಾಣಿಜ್ಯ ಚಾಲನಾ ಪರವಾನಗಿಯ ಕೈಪಿಡಿ ಒದ್ದೆ ರಸ್ತೆಯಲ್ಲಿ ವೇಗವನ್ನು ಮೂರನೇ ಒಂದರಷ್ಟು, ಗಟ್ಟಿಯಾದ ಹಿಮದ ಮೇಲೆ ಅರ್ಧಕ್ಕೂ ಹೆಚ್ಚು ತಗ್ಗಿಸಲು, ಮಂಜುಗಡ್ಡೆಯ ಮೇಲೆ ತೆವಳುವ ವೇಗಕ್ಕಿಳಿದು ಸಾಧ್ಯವಾದಷ್ಟು ಬೇಗ ನಿಲ್ಲಿಸಲು ಹೇಳುತ್ತದೆ. ಜಾರುವ ರಸ್ತೆಯಲ್ಲಿ ಎಂಜಿನ್ ಬ್ರೇಕ್ ಬಳಸಬಾರದು, ಡ್ರೈವ್ ಚಕ್ರಗಳು ಲಾಕ್ ಆಗಿ ಟ್ರೇಲರ್ ಮಡಚಿಕೊಳ್ಳುತ್ತದೆ. ರಸ್ತೆ ಒದ್ದೆಯೋ, ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆಯಾದ ಬ್ಲ್ಯಾಕ್ ಐಸೋ ಎಂದು ತಿಳಿಯದಿದ್ದರೆ ಎದುರಿನ ವಾಹನಗಳ ಚಕ್ರದಿಂದ ಚಿಮ್ಮುವ ನೀರನ್ನು ಗಮನಿಸಬೇಕು. ರಸ್ತೆ ಒದ್ದೆಯಾಗಿ ಹೊಳೆಯುತ್ತಿದ್ದೂ ಚಿಮ್ಮುವುದು ಥಟ್ಟನೆ ನಿಂತಿತೆಂದರೆ ನೀರು ಹೆಪ್ಪುಗಟ್ಟಿದೆ. ಕಿಟಕಿ ಇಳಿಸಿ ಕನ್ನಡಿ ಹಿಡಿದಿರುವ ಕಂಬಿಯ ಮುಂಭಾಗವನ್ನು ಮುಟ್ಟಿ ನೋಡಿದರೂ ಗೊತ್ತಾಗುತ್ತದೆ. ಬೆರಳಿಗೆ ಮಂಜುಗಡ್ಡೆ ತಾಗಿದರೆ ರಸ್ತೆಯ ಮೇಲೂ ಬಹುಶಃ ಅದೇ ಇದೆ. ಸೇತುವೆಗಳು ಕೆಳಗಿನಿಂದಲೂ ತಣ್ಣಗಾಗುವುದರಿಂದ ಅಲ್ಲಿ ಇದು ಮೊದಲು ಶುರುವಾಗುತ್ತದೆ.

ಮುಚ್ಚಿದ ರಸ್ತೆ ತೆರೆದಾಗ ಮೊದಲ ಸಾಲಿನಲ್ಲಿ ಹೊರಡುವ ಆತುರ ಬೇಡ. ಗೇಟು ತೆರೆದ ಕೂಡಲೇ ನೂರಾರು ಟ್ರಕ್‌ಗಳು ಒಂದರ ಹಿಂದೊಂದು ಅಂಟಿಕೊಂಡು ನುಗ್ಗುತ್ತವೆ, ಮೊದಲ ಏರಿನಲ್ಲಿ ಒಂದು ಜಾರಿ ಅಡ್ಡ ನಿಂತರೆ ಗೇಟು ಮತ್ತೆ ಬೀಳುತ್ತದೆ, ಈ ಸಲ ನೀವು ಅದರ ಒಳಗೆ. ಗಂಟೆಗಳು ಉಳಿದಿದ್ದರೆ ಒಂದೆರಡು ಗಂಟೆ ತಡೆದು, ಮೊದಲ ಗುಂಪು ಮುಂದಿನ ಊರನ್ನು ತಲುಪಿದೆಯೆಂದು ಕ್ಯಾಮೆರಾದಲ್ಲಿ ಕಂಡ ಮೇಲೆ ಹೊರಡಬೇಕು, ಮತ್ತು ಇಳಿಸುವ ವೇಳೆಯನ್ನು ಬದಲಿಸಲು ಗ್ರಾಹಕರಿಗೆ ಸಂದೇಶವನ್ನು ಹೊರಡುವ ಮೊದಲೇ ಕಳಿಸಿರಬೇಕು.